ಕಾರ್ಡು ಹಿಡಿದು ನಿಂತ ಬಸಮ್ಮ

ಮೊನ್ನೆ ಶಹಾಪುರದಿಂದ ಸುರಪುರಕ್ಕೆ ತರಬೇತಿಗೆಂದು ಹೊರಟಿದ್ದೆವು. ಕಾಲುವೆಯ ಸೇತುವೆ ದಾಟುತ್ತಿದ್ದಂತೆ ಬಸ್ಸು ಕೆಟ್ಟು ನಿಂತಿತು. ಹಿಂದಿನ ದಿನವಷ್ಟೇ ಕಾಲುವೆಗೆ ನೀರು ಬಿಟ್ಟಿದ್ದರು. ಬೇಸಿಗೆಯಿಡೀ ಒಣಗಿ ಬಿರಿದ ಕೆಸರಿನ ಮೇಲೆ ಹೊಸ ನೀರು ಹರಿದಾಗ ಒಂದು ವಾಸನೆ ಏಳುತ್ತದೆ. ಮಣ್ಣು, ಕೊಳೆತ ಹುಲ್ಲು, ಎಲ್ಲೋ ಸತ್ತು ಬಿದ್ದ ಮೀನು, ಎಲ್ಲ ಸೇರಿದ ವಾಸನೆ. ಜೊತೆಗಿದ್ದ ಟೀಚರುಗಳು ಮೂಗಿಗೆ ಸೆರಗು ಹಿಡಿದು ನಕ್ಕರು. ನಾನು ಮಾತ್ರ ಕಿಟಕಿಯಿಂದ ಮುಖ ತಿರುಗಿಸಿದೆ. ಕೆಂಭಾವಿಯಲ್ಲಿ ಕಳೆದ ಆ ವರ್ಷ ಇದೇ ವಾಸನೆಯ ದಿನವೇ ನಾನು ಬಸಮ್ಮಕ್ಕನ ಫೋಟೋ ತೆಗೆದಿದ್ದೆ.

ನಾನು ಯಾದಗಿರಿ ತಾಲ್ಲೂಕಿನ ರಾಮಸಮುದ್ರದವಳು. ಬಿ.ಎಡ್. ಮುಗಿಸಿ, ಕಾಯಂ ಕೆಲಸಕ್ಕೆ ಕಾಯುತ್ತಿದ್ದಾಗ ಕೆಂಭಾವಿಯ ಹತ್ತಿರದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತು. ದಿನಾ ಊರಿನಿಂದ ಓಡಾಡುವ ದಾರಿಯಲ್ಲ. ಬಾಡಿಗೆ ಕೋಣೆ ಹುಡುಕುತ್ತ ಹೋದೆ. ಮೂರು ಮನೆಗಳಲ್ಲಿ ಮೊದಲು "ಯಾರ ಪೈಕಿ?" ಎಂದು ಕೇಳಿದರು. ನಾವು ಬೌದ್ಧರು ಎಂದ ಕೂಡಲೇ ಆ ಮೂರು ಮನೆಗಳಲ್ಲೂ ಕೋಣೆ ಖಾಲಿ ಇಲ್ಲದಂತಾಯಿತು. ನಾಲ್ಕನೆಯದು ಬಸಮ್ಮಕ್ಕನ ಮನೆ. ಆಕೆ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಕೋಣಿ ಒಂದು ಮೂಲ್ಯಾಗ ಸೋರತದ ನೋಡ್ರಿ ಟೀಚರಮ್ಮ. ನಡೀತದೇನು?" ಎಂದಳು. ಬೇರೆ ಏನೂ ಕೇಳಲಿಲ್ಲ.

ಅವರದು ಕುರಿ ಸಾಕುವ ಮನೆತನ. ಕಾಲುವೆ ಬಂದ ಮೇಲೆ ಸುತ್ತಲಿನ ಹೊಲವೆಲ್ಲ ಗದ್ದೆಯಾಗಿ, ಮಳೆಗಾಲದಲ್ಲಿ ಕುರಿ ಕಾಲಿಡಲು ಜಾಗವೇ ಇರಲಿಲ್ಲ. ಗಂಡ ಮಲ್ಲಪ್ಪ ಜೂನಿನಲ್ಲಿ ತಮ್ಮನ ಜೊತೆ ಹಿಂಡು ಹೊಡೆದುಕೊಂಡು ಒಣಭೂಮಿಯ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಬಸಮ್ಮಕ್ಕ ಭತ್ತದ ನಾಟಿಗೆ ಹೋಗುವಳು. ಕೆಲಸವಿಲ್ಲದ ದಿನ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಕೌದಿ ಹೊಲಿಯುವಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಇರುವೆ ಸಾಲಿನಂಥ ಹೊಲಿಗೆ ಹಾಕುತ್ತಿದ್ದಳು. ಆಗ ಆಕೆಗೆ ಐವತ್ತರ ಆಸುಪಾಸು. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಇದನ್ನು ನೆಟ್ಟಿನಲ್ಲಿ ಮಾರಬಹುದು ಎಂದು ಹೇಳಿದವಳು ನಾನೇ. ಫೋಟೋ ತೆಗೆದೆ, "ಕೆಂಭಾವಿ ಬಸಮ್ಮನ ಕೌದಿ" ಎಂದು ಒಂದು ಪುಟ ಮಾಡಿದೆ, ನನ್ನ ಫೋನ್ ನಂಬರು ಕೊಟ್ಟೆ. ತಿಂಗಳೊಳಗೆ ಪುಣೆಯಿಂದ, ಹೈದರಾಬಾದಿನಿಂದ ಕೇಳುವವರು ಬಂದರು. ಮೊದಲ ಕೌದಿಯನ್ನು ಅಂಚೆ ಕಚೇರಿಯಲ್ಲಿ ಕೊಟ್ಟು ಬಂದ ದಿನ ಬಸಮ್ಮಕ್ಕ, "ನನ್ನ ಕೌದಿ ನನಗಿಂತ ಮೊದ್ಲ ಪುಣೆ ನೋಡ್ತು" ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಮೋಸದ ಬಗ್ಗೆ ನನಗೆ ಗೊತ್ತಿರಲಿಲ್ಲ ಎಂದಲ್ಲ. ಜುಲೈಯಲ್ಲಿ ಒಬ್ಬ, ತಾನು ಸೈನ್ಯದಲ್ಲಿದ್ದೇನೆ, ಹತ್ತು ಕೌದಿ ಬೇಕು, ಬೆಲೆ ಎಷ್ಟಾದರೂ ಸರಿ ಎಂದ. ಆಮೇಲೆ ಸ್ಕ್ಯಾನ್ ಮಾಡುವ ಒಂದು ಚಿತ್ರ ಕಳಿಸಿ, "ಇದನ್ನ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ನಿಮಗೆ ಬರುತ್ತೆ" ಎಂದ. ದುಡ್ಡು ಬರಬೇಕಾದರೆ ನಾವೇಕೆ ಪಿನ್ ಒತ್ತಬೇಕು ಎಂದು ಕೇಳಿದೆ. ಫೋನ್ ಇಟ್ಟುಬಿಟ್ಟ. ನಾನು ಗೆದ್ದವಳಂತೆ ಬಸಮ್ಮಕ್ಕನಿಗೆ ವಿವರಿಸಿದೆ. ಆಕೆ ಓಣಿಯ ಹೆಂಗಸರಿಗೆ, "ನಮ್ಮ ಟೀಚರಮ್ಮನ ಮುಂದ ಯಾವ ಕಳ್ಳನ ಆಟಾನೂ ನಡೆಯಂಗಿಲ್ಲ" ಎಂದಳು. ಆ ಮಾತು ನನ್ನ ತಲೆಗೇರಿತ್ತು.

ಎರಡನೆಯವನು ಫೋನ್ ಮಾಡಿದ್ದು ಕಾಲುವೆಗೆ ನೀರು ಬಿಟ್ಟ ದಿನ. ಮೋಸ ಎಂದರೆ ದುಡ್ಡು ಕೇಳುವುದು ಎಂದಷ್ಟೇ ನಾನು ತಿಳಿದಿದ್ದೆ. ಇವನು ದುಡ್ಡು ಕೇಳಲೇ ಇಲ್ಲ. ಬೆಂಗಳೂರು ಕಡೆಯ ಸ್ವಚ್ಛ ಕನ್ನಡ, ಮಾತುಮಾತಿಗೆ ಮೇಡಂ. ನಿಮ್ಮ ಪುಟಕ್ಕೆ ಒಳ್ಳೆಯ ಹೆಸರು ಬರುತ್ತಿದೆ, ದೃಢೀಕರಣ ಮಾಡಿಸಿದರೆ ಇಡೀ ದೇಶದವರಿಗೆ ಕಾಣುತ್ತದೆ, ಶುಲ್ಕವಿಲ್ಲ ಎಂದ. ಒಡತಿಯ ಆಧಾರ್ ಕಾರ್ಡಿನ ಎರಡೂ ಬದಿ ಬೇಕು. ಆ ಕಾರ್ಡನ್ನು ಮುಖದ ಪಕ್ಕ ಹಿಡಿದು ನಿಂತ ಫೋಟೋ ಬೇಕು. ಆಕೆ ಹೊಲಿಯುತ್ತಿರುವ ಸಣ್ಣ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಕೊನೆಗೆ, "ಓಟಿಪಿ ಮಾತ್ರ ಯಾರಿಗೂ ಹೇಳಬೇಡಿ ಮೇಡಂ, ನಾನು ಕೇಳಿದರೂ ಹೇಳಬೇಡಿ. ಈಗ ಮೋಸ ಜಾಸ್ತಿ" ಎಂದು ಅವನೇ ಎಚ್ಚರಿಸಿದ. ಆ ಒಂದು ಮಾತಿಗೆ ನಾನು ಪೂರ್ತಿ ನಂಬಿದೆ.

ಬಸಮ್ಮಕ್ಕ ಹಿಂದೆ ಮುಂದೆ ನೋಡಿದಳು. "ಕೌದಿ ಮಾರಾಕ ಕಾರ್ಡ್ ಯಾಕ ಬೇಕು, ತಂಗಿ?"

"ಎಲ್ಲಾರೂ ಕೇಳ್ತಾರಕ್ಕ. ಬ್ಯಾಂಕಿನಾಗ ಕೇಳಂಗಿಲ್ಲೇನು? ರೇಶನ್ ಅಂಗಡ್ಯಾಗ ಕೇಳಂಗಿಲ್ಲೇನು?"

"ಅವ್ರು ನಮ್ಮೂರಾಗ ಇರ್ತಾರ. ಇವ್ರು ಎಲ್ಲಿ ಇರ್ತಾರ?"

ಇದಕ್ಕೆ ನಾನು ನಕ್ಕೆ. ಈಗ ನೆನೆದರೆ ಆ ನಗೆಯ ನಾಚಿಕೆಯೇ ಹೆಚ್ಚು ಚುಚ್ಚುತ್ತದೆ. ಆಕೆ ತಲೆ ಬಾಚಿ, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟು, ಬಿಳಿ ಗೋಡೆಯ ಮುಂದೆ ಬಂದು ನಿಂತಳು. ಕಾರ್ಡನ್ನು ಗಲ್ಲದ ಪಕ್ಕ ಹಿಡಿದು, "ನಗಬೇಕೇನು?" ಎಂದು ಕೇಳಿದಳು. ಸ್ವಲ್ಪ ನಗಕ್ಕ ಎಂದೆ. ನಕ್ಕಳು. ಕಾಲುವೆಯ ವಾಸನೆ ಪಡಸಾಲೆಯ ತನಕ ಬಂದಿತ್ತು.

ಹದಿನೈದು ದಿನ ಏನೂ ಆಗಲಿಲ್ಲ. ಮಳೆ ಹಿಡಿದು ಕೂತಿತ್ತು. ಒಂದು ಮಧ್ಯಾಹ್ನ ನಾಲ್ಕನೆಯ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದಾಗ ಫೋನ್ ಬಂತು. ಹಿಂದಿಯಲ್ಲಿ ಒಬ್ಬ ಹೆಂಗಸು, "ಬಸಮ್ಮ?" ಎಂದಳು. ಹೌದು, ಅವರ ಕಡೆಯವಳು ಎಂದೆ. ನನ್ನ ಮಾಲು ಎಲ್ಲಿ ಎಂದು ಕೇಳಿದಳು. ಯಾವ ಮಾಲು ಎಂದೆ. ಆಕೆ ಅಳಲು ಶುರುಮಾಡಿದಳು. ತಪ್ಪು ನಂಬರು ಇರಬೇಕೆಂದು ಫೋನ್ ಇಟ್ಟೆ. ಮರುದಿನ ಇಬ್ಬರು ಮಾಡಿದರು. ಅದರ ಮರುದಿನ ಒಬ್ಬ ಗಂಡಸು ಬಾಯಿಗೆ ಬಂದಂತೆ ಬೈದು, "ಕಾರ್ಡ್ ತೋರ್ಸಿ ಮೋಸ ಮಾಡ್ತೀರೇನ್ರಿ?" ಎಂದು ಒಂದು ಚಿತ್ರ ಕಳಿಸಿದ. ತೆರೆದು ನೋಡಿದೆ. ಬಿಳಿ ಗೋಡೆ, ಇಳಕಲ್ ಸೀರೆ, ಗಲ್ಲದ ಪಕ್ಕ ಕಾರ್ಡು. ಬಸಮ್ಮಕ್ಕ ನಗುತ್ತಿದ್ದಳು.

ಆಗ ತಿಳಿಯಿತು. ನಮ್ಮದೇ ಹೆಸರಿನ ಇನ್ನೊಂದು ಪುಟ ಎದ್ದಿತ್ತು. ಅದೇ ಫೋಟೋಗಳು, ಅದೇ ಕೌದಿಗಳು, ಜೊತೆಗೆ ಸೀರೆಗಳು, ಎಲ್ಲ ಅರ್ಧ ಬೆಲೆಗೆ. ನಂಬರು ಮಾತ್ರ ಬೇರೆ. ಮುಂಗಡ ಹಾಕಲು ಯಾರಾದರೂ ಅನುಮಾನಿಸಿದರೆ ಈ ಫೋಟೋ ಕಳಿಸುತ್ತಿದ್ದರು. 'ನಾನು ಹಳ್ಳಿಯ ಹೆಣ್ಣುಮಗಳು, ಇದು ನನ್ನ ಗುರುತು, ನಾನೇಕೆ ಮೋಸ ಮಾಡಲಿ?' ಎಂದು ಬರೆಯುತ್ತಿದ್ದರು. ಬಸಮ್ಮಕ್ಕ ಹೊಲಿಯುವ ವಿಡಿಯೋ ನೋಡಿದ ಮೇಲೆ ಯಾರು ತಾನೇ ನಂಬುವುದಿಲ್ಲ? ದುಡ್ಡು ಬಿದ್ದ ಕೂಡಲೇ ಆ ನಂಬರು ಮೌನವಾಗುತ್ತಿತ್ತು. ಮೋಸಹೋದವರು ಬಸಮ್ಮನ ಹೆಸರು ಹುಡುಕಿ ಕೊನೆಗೆ ನನಗೆ ಫೋನ್ ಮಾಡುತ್ತಿದ್ದರು.

ನಾನು ಆಗ ಮಾಡಬಾರದ್ದನ್ನೇ ಮಾಡಿದೆ. ಹೆದರಿ ನಮ್ಮ ಪುಟವನ್ನೇ ಅಳಿಸಿದೆ, ನನ್ನ ನಂಬರು ಬದಲಿಸಿದೆ. ಈಗ ಬಸಮ್ಮನ ಹೆಸರಿನಲ್ಲಿ ಉಳಿದದ್ದು ಕಳ್ಳರ ಪುಟವೊಂದೇ. ಆಕೆ ಯಾಕೆ ಹೊಸ ಆರ್ಡರ್ ಬಂದಿಲ್ಲ ಎಂದು ಕೇಳಿದಾಗಲೆಲ್ಲ, ಮಳೆಗಾಲದಾಗ ಹಂಗ ಅಕ್ಕ ಎಂದೆ. ಹೇಳಬೇಕು ಎಂದು ದಿನಾ ಶಾಲೆಯಿಂದ ಬರುವಾಗ ನಿಶ್ಚಯ ಮಾಡುತ್ತಿದ್ದೆ. ಮನೆಗೆ ಬಂದರೆ ಆಕೆ ಬಿಸಿ ರೊಟ್ಟಿ ಇಡುತ್ತಿದ್ದಳು. ಉಂಡೆದ್ದು ಕೋಣೆ ಸೇರಿಬಿಡುತ್ತಿದ್ದೆ.

ಫೋನು ನಿಂತಿತು. ಬದಲಿಗೆ ಮನುಷ್ಯರು ಬರತೊಡಗಿದರು. ಒಂದು ಸಂಜೆ ಗುರುತಿಲ್ಲದ ಒಬ್ಬ ಬೈಕಿನಲ್ಲಿ ಬಂದು, ಮನೆಯ ಎದುರು ನಿಂತು, ಕೈಯಲ್ಲಿದ್ದ ಫೋನನ್ನೂ ಬಾಗಿಲನ್ನೂ ಎರಡು ಮೂರು ಸಲ ನೋಡಿದ. ಮನೆಯ ಫೋಟೋ ತೆಗೆದುಕೊಂಡ. ಯಾರಪಾ ನೀ ಎಂದು ಬಸಮ್ಮಕ್ಕ ಕೇಳುವಷ್ಟರಲ್ಲಿ ಗಾಡಿ ತಿರುಗಿಸಿಕೊಂಡು ಹೋದ. "ಬಾಡಿಗಿ ಕೋಣಿ ನೋಡಾಕ ಬಂದಿರಬೇಕು" ಎಂದಳು. ಅವನು ಕಾರ್ಡಿನಲ್ಲಿದ್ದ ವಿಳಾಸ ಹಿಡಿದು ಬಂದವನೆಂದು ನನಗೆ ತಿಳಿಯಿತು. ಮುಂದಿನ ಸಂತೆಯ ದಿನ ಆಕೆ ಬೇಗ ಮರಳಿದಳು. ಬಳೆಯ ಅಂಗಡಿಯವಳು ಬಳೆ ಇಡುವ ಮೊದಲೇ ರೊಕ್ಕ ಕೇಳಿದಳಂತೆ. ಇಬ್ಬರು ಹೆಂಗಸರು ತನ್ನನ್ನು ನೋಡಿ ಫೋನು ನೋಡಿಕೊಂಡರಂತೆ. "ನನ್ನ ಮಾರಿಗೆ ಏನರ ಹತ್ತ್ಯಾದೇನು ನೋಡು, ತಂಗಿ" ಎಂದು ನನ್ನ ಮುಂದೆ ಮುಖ ಒಡ್ಡಿದಳು. ಅವತ್ತೇ ಬೆಳಿಗ್ಗೆ ಶಾಲೆಯ ಸಹೋದ್ಯೋಗಿಯೊಬ್ಬರ ಫೋನಿನಲ್ಲಿ ನಾನು ಅದನ್ನು ನೋಡಿದ್ದೆ. ಬಸಮ್ಮಕ್ಕನ ಅದೇ ಫೋಟೋ, ಮೇಲೆ ಕೆಂಪು ಅಕ್ಷರದಲ್ಲಿ "ಮೋಸಗಾತಿ, ಎಚ್ಚರ". ಯಾರೋ ನೊಂದವರು ಮಾಡಿದ್ದು. ಅದು ಗ್ರೂಪಿನಿಂದ ಗ್ರೂಪಿಗೆ ಹಾರಿ ಕೆಂಭಾವಿಗೇ ಬಂದಿತ್ತು.

ಗಿರಿಜಾ ಬಂದದ್ದು ಅಕ್ಟೋಬರಿನಲ್ಲಿ. ಶಾಲೆ ಬಿಟ್ಟು ಬರುವಷ್ಟರಲ್ಲಿ ಪಡಸಾಲೆಯಲ್ಲಿ ನಲವತ್ತು ದಾಟಿದ ಒಬ್ಬ ಹೆಂಗಸು, ಒದ್ದೆ ಸೀರೆಯಲ್ಲೇ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಎದುರು ಬಸಮ್ಮಕ್ಕ ಕೊಟ್ಟ ನೀರಿನ ಚೊಂಬು ಹಾಗೇ ಇತ್ತು. ಗದಗಿನ ಕಡೆಯವಳು, ಅಲ್ಲಿನ ಒಂದು ಸ್ವಸಹಾಯ ಸಂಘ ನಡೆಸುವವಳು. ಕೌದಿ ತರಿಸಿ ಮಾರಿದರೆ ಲಾಭವಿದೆ ಎಂದು ಸಂಘದ ಹೆಂಗಸರಿಗೆಲ್ಲ ಹೇಳಿ, ಎಲ್ಲರ ಉಳಿತಾಯ ಕೂಡಿಸಿ ಆ ಪುಟಕ್ಕೆ ಹಾಕಿದ್ದಳು. ಕಾರ್ಡಿನ ಹಿಂಬದಿಯಲ್ಲಿದ್ದ ವಿಳಾಸ ಓದಿಕೊಂಡು, ಮೂರು ಬಸ್ಸು ಬದಲಿಸಿ ಬಂದಿದ್ದಳು. ಕೈಯಲ್ಲಿ ಆ ಫೋಟೋದ ಪ್ರಿಂಟು ಇತ್ತು.

"ಈ ಕಾರ್ಡ ನಿಮ್ದ ಹೌದಲ್ಲೋ?" ಎಂದು ಕೇಳುತ್ತಿದ್ದಳು.

"ನಂದ ಅದ. ಸೀರೀನೂ ನಂದ ಅದ. ಆದ್ರ ನಿನ್ನ ಹೆಸರ ನಾ ಇವತ್ತ ಕೇಳಿದ್ದು, ಯವ್ವ" ಎನ್ನುತ್ತ ಬಸಮ್ಮಕ್ಕ ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿದಳು. "ಟೀಚರಮ್ಮ, ಇದೇನಿದು?"

ಅಲ್ಲೇ ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿದೆ. ಫೋನು ಮಾಡಿದವನು, ಕಳಿಸಿದ್ದು, ಅಳುವ ಹೆಂಗಸರು, ಅಳಿಸಿದ ಪುಟ, ಬೈಕಿನವನು ಯಾಕೆ ಬಂದನೆಂಬುದು, ಸಂತೆಯಲ್ಲಿ ಅವರೇನು ನೋಡುತ್ತಿದ್ದರೆಂಬುದು. ಗಿರಿಜಾ ನಂಬಲಿಲ್ಲ. "ಇಬ್ಬರೂ ಕೂಡಿ ಚೊಲೋ ನಾಟಕ ಮಾಡಾಕತ್ತೀರಿ" ಎಂದಳು. "ನಾ ಊರಿಗೆ ಹೋದ್ರ ಅಲ್ಲೆ ನನ್ನ ಕಳ್ಳಿ ಅಂತಾರ. ಬರೇ ಕೈಲೆ ನಾ ಹೋಗಾಂಗಿಲ್ಲ."

ಗೋಡೆಯ ಪಕ್ಕ ಹೊಲಿದಿಟ್ಟ ಕೌದಿಗಳಿದ್ದವು. ಅವನ್ನಾದರೂ ಕೊಡಿ, ತೆಗೆದುಕೊಂಡು ಹೋಗುತ್ತೇನೆ ಎಂದಳು. ನನಗೆ ಅದೇ ದಾರಿ ಎನ್ನಿಸಿತು. "ಕೊಡಕ್ಕ, ಅವುಗಳ ರೊಕ್ಕ ನಾ ನನ್ನ ಪಗಾರದಾಗ ಕೊಡ್ತೀನಿ" ಎಂದೆ.

ಬಸಮ್ಮಕ್ಕ ಕೌದಿಗಳ ಮುಂದೆ ಹೋಗಿ ಕೂತಳು. "ಒಂದೂ ಕೊಡಂಗಿಲ್ಲ. ಇವತ್ತ ಕೊಟ್ರ ನಾನ ತಿಂದೀನಿ ಅಂತ ಒಪ್ಪಿದಂಗ. ನಾಳಿ ಇನ್ನೊಬ್ಬಾಕಿ ಬರ್ತಾಳ, ನಾಡದ ಮತ್ತೊಬ್ಬ. ಎಷ್ಟು ಮಂದಿಗೆ ಕೊಡ್ಲಿ? ಏನಂತ ಕೊಡ್ಲಿ?" ಗಿರಿಜಾಳ ಕಡೆ ತಿರುಗಿದಳು. "ಮುಂಜಾನೆ ಯಾದಗಿರಿಗೆ ಹೋಗಮು, ಪೊಲೀಸರ ಹಂತ್ಯಾಕ. ನೀ ನನ್ನ ಮ್ಯಾಲ ಬೇಕಾದ್ದು ಬರಸು. ನಾ ಕದ್ದಿದ್ರ ನಿನ್ನ ಜೋಡಿ ಬರ್ತಿದ್ನೇನು?"

ಗಿರಿಜಾ ಚೊಂಬು ಎತ್ತಿ ನೀರು ಕುಡಿದಳು.

ನನಗೆ ಬಸಮ್ಮಕ್ಕ ಹೇಳಿದ್ದು ಇಷ್ಟೇ: "ಫೋಟು ಕಳಿಸಿದ್ದು ಇಬ್ರೂ ಕೂಡಿ ಮಾಡಿದ್ದು, ತಂಗಿ. ನಾನೂ ನಕ್ಕೊಂತ ನಿಂತೀನಿ ಅದರಾಗ. ಆದ್ರ ಎರಡು ತಿಂಗಳು ನನ್ನ ಕೈಯಾಗಿನ ರೊಟ್ಟಿ ತಿಂದು ಹೇಳಲಾರದ ಇದ್ದೆಲ್ಲ, ಅದು ನಿಂದ ಒಬ್ಬಾಕಿದ ತಪ್ಪು." ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ಯಾದಗಿರಿಯ ಠಾಣೆಯಲ್ಲಿ ನಮ್ಮ ಮಾತು ಕೇಳಿದವರು ಒಬ್ಬ ಮಹಿಳಾ ಅಧಿಕಾರಿ. ಮೂವರನ್ನೂ ಬೇರೆ ಬೇರೆ ಕೂರಿಸಿ ಕೇಳಿದರು, ಆಮೇಲೆ ಒಟ್ಟಿಗೆ ಕೇಳಿದರು. ಗಿರಿಜಾಳಿಗೆ, "ರೊಕ್ಕ ಹೋದ ತಾಸಿನೊಳಗ ಸೈಬರ್ ಸಹಾಯವಾಣಿಗೆ ಫೋನ್ ಮಾಡಿದ್ರ ಅದನ್ನ ದಾರ್ಯಾಗ ತಡಿಯಾಕ ಬರ್ತಿತ್ತು. ತಿಂಗಳಾದ ಮ್ಯಾಲ ಭಾಳ ಕಷ್ಟ. ರೊಕ್ಕ ಹಾಕೋಮುಂದ ಖಾತೆ ಯಾರ ಹೆಸರಿಲೆ ಅದ ಅಂತ ನೋಡಿದ್ರೇನು?" ಎಂದು ಕೇಳಿದರು. ನೋಡಿದ್ದಳು. ಬೇರೆ ಯಾವುದೋ ಗಂಡಸಿನ ಹೆಸರಿತ್ತು. ಬಸಮ್ಮನ ಮಗನಿರಬೇಕು ಎಂದುಕೊಂಡಿದ್ದಳು. ಕಾರ್ಡು ನೋಡಿಯಾಗಿತ್ತಲ್ಲ!

ನನ್ನ ಸರದಿ ಬಂದಾಗ ಅವರು ದನಿ ಏರಿಸಲಿಲ್ಲ. "ನಿಮ್ಮ ಪುಟ ಯಾಕ ಅಳಿಸಿದ್ರಿ ಟೀಚರ್? ಖರೆ ಬಸಮ್ಮ ಎಲ್ಲಿದ್ದಾಳ ಅಂತ ಮಂದಿಗೆ ತೋರಿಸೋದು ಅದೊಂದ ಇತ್ತು" ಎಂದರು. ಆಧಾರನ್ನು ಬೇರೆಯವರು ಬಳಸದಂತೆ ಲಾಕ್ ಮಾಡಿಸಿ, ಬ್ಯಾಂಕಿಗೆ ಬರೆದು ಕೊಡಿ, ಹೊಸ ಪುಟ ಮಾಡಿ ಬಸಮ್ಮ ತಾನೇ ಮಾತಾಡಲಿ ಎಂದರು. ಬಸಮ್ಮಕ್ಕನ ಹೆಸರಿನಲ್ಲೂ ದೂರು ಬರೆಸಿಕೊಂಡು, ಅದರ ಪ್ರತಿಯನ್ನು ಆಕೆಯ ಕೈಗೇ ಕೊಟ್ಟು, "ಯಾರ ಬಂದ್ರೂ ಇದನ್ನ ತೋರಸ್ರಿ. ನೀವ ಮೊದಲ ಬಂದು ಹೇಳೀರಿ ಅಂತ ಇದರಾಗ ಅದ" ಎಂದರು.

ಬಸ್ ನಿಲ್ದಾಣದಲ್ಲಿ ಗಿರಿಜಾಳ ಬಸ್ಸಿಗೆ ಕಾಯುತ್ತ ಕೂತಿದ್ದಾಗ ಬಸಮ್ಮಕ್ಕನ ಸಣ್ಣ ಫೋನು ರಿಂಗಾಯಿತು. ಮಲ್ಲಪ್ಪ. ಕುರಿ ನಿಲ್ಲಿಸಿದ ಊರಿನ ಚಹಾದಂಗಡಿಯಲ್ಲಿ ಯಾರೋ ಒಬ್ಬ ಫೋನು ತೋರಿಸಿ, "ಈಕಿ ನಿಮ್ಮ ಕಡ್ಯಾಕಿ ಅಲ್ಲೇನು?" ಎಂದು ಕೇಳಿದ್ದನಂತೆ. ಮಲ್ಲಪ್ಪ ಜೋರಾಗಿ ಮಾತಾಡುವ ಮನುಷ್ಯ, ನಮಗೂ ಕೇಳಿಸುತ್ತಿತ್ತು.

"ಫೋಟು ನಿಂದ ಏನು?"

"ನಂದ."

"ನೀ ಮಾಡೀಯೇನು ಇದನ್ನ?"

ಬಸಮ್ಮಕ್ಕ ಫೋನನ್ನು ಕಿವಿಯಿಂದ ತೆಗೆದು, ಕರೆ ಕಡಿದು, ಮಡಿಲಲ್ಲಿಟ್ಟುಕೊಂಡಳು. ಸಂತೆಯ ನೋಟ, ಗಿರಿಜಾಳ ಆರೋಪ, ಠಾಣೆಯ ಬೆಂಚು, ಯಾವುದಕ್ಕೂ ಅಳದವಳು ಅಲ್ಲಿ ಅತ್ತಳು. "ಮೂವತ್ತು ವರ್ಷ ಆತು ಬಾಳೇವು ಮಾಡಾಕತ್ತು. ಇವನೂ ಕೇಳಿದ" ಎಂದಳು. ನಿನ್ನೆಯಿಂದ ಅವಳನ್ನು ಅನುಮಾನಿಸುತ್ತಿದ್ದ ಗಿರಿಜಾ ಪಕ್ಕಕ್ಕೆ ಸರಿದು ಆಕೆಯ ಬೆನ್ನ ಮೇಲೆ ಕೈಯಿಟ್ಟಳು. ಅವಳು ನಮ್ಮನ್ನು ನಂಬಿದ್ದು ಆ ಹೊತ್ತಿನಲ್ಲಿ ಎಂದು ನನ್ನ ಎಣಿಕೆ.

ಮಲ್ಲಪ್ಪ ಮೂರನೆಯ ದಿನ ಕುರಿಯನ್ನು ತಮ್ಮನ ವಶಕ್ಕೆ ಬಿಟ್ಟು ಬಂದ. ದೂರಿನ ಕಾಗದ ನನ್ನಿಂದ ಓದಿಸಿಕೊಂಡ. "ನಿನ್ನ ಬಾಯಿಲೆ ಕೇಳಬೇಕಂತ ಕೇಳಿದ್ನೇ, ಅನುಮಾನ ಇರ್ಲಿಲ್ಲ" ಎಂದು ಹೆಂಡತಿಗೆ ಎಷ್ಟೋ ಸಲ ಹೇಳಿದ. ಆಕೆ ಊಟಕ್ಕೆ ಬಡಿಸಿದಳು, ನೀರು ಕಾಸಿ ಕೊಟ್ಟಳು, ದೀಪಾವಳಿ ಕಳೆಯುವ ತನಕ ಅವನೊಡನೆ ಮಾತಾಡಲಿಲ್ಲ.

ಹೊಸ ಪುಟಕ್ಕೆ ವಿಡಿಯೋ ಮಾಡಿದ ದಿನ ಇಳಕಲ್ ಸೀರೆ ಉಡು ಎಂದರೆ ಒಪ್ಪಲಿಲ್ಲ. ನಾಟಿಗೆ ಉಡುವ ಮಾಸಿದ ಸೀರೆಯಲ್ಲೇ ಕೂತಳು. ನಗಲೂ ಇಲ್ಲ. "ನಾ ಕೆಂಭಾವಿ ಬಸಮ್ಮ. ಕಾರ್ಡ್ ಹಿಡಿದು ನಿಂತಿದ್ದು ನನ್ನ ಫೋಟು ಯಾರರ ಕಳಿಸಿದ್ರ, ಅದು ನಾ ಕಳಿಸಿದ್ದಲ್ಲ. ನಾ ಮೊದ್ಲ ರೊಕ್ಕ ಕೇಳಂಗಿಲ್ಲ. ಮಾಲು ನಿಮ್ಮ ಮನಿ ಮುಟ್ಟಿದ ಮ್ಯಾಲ ಕೊಡ್ರಿ. ನಂಬಿಕಿ ಬರ್ಲಿಲ್ಲಂದ್ರ ಈ ನಂಬರಿಗೆ ಫೋನ್ ಹಚ್ರಿ. ನನ್ನ ದನಿ ಕೇಳ್ರಿ, ನನ್ನ ಜೋಡಿ ಮಾತಾಡ್ರಿ." ಈ ಸಲ ನಂಬರು ನನ್ನದಲ್ಲ, ಆಕೆಯದೇ. ಅದು ಆಕೆಯ ಹಟ.

ಹೊಸ ಪುಟಕ್ಕೆ ಮೊದಲು ಬಂದದ್ದು ಬೈಗುಳವೇ. ಆಕೆ ಫೋನು ಕಿವಿಗೆ ಹಿಡಿದು, ಇನ್ನೊಂದು ಕೈಯಲ್ಲಿ ರೊಟ್ಟಿ ತಟ್ಟುತ್ತ, ಎಲ್ಲ ಕೇಳಿ, "ಆತೇನು? ಈಗ ನಾ ಹೇಳೂದು ಕೇಳು" ಎಂದು ಶುರುಮಾಡುತ್ತಿದ್ದಳು. ಕೆಲವರು ಕೇಳುತ್ತಿದ್ದರು, ಕೆಲವರು ಇಡುತ್ತಿದ್ದರು. ಗಿರಿಜಾ ತನ್ನ ಸಂಘದವರಿಗೆ ಆ ವಿಡಿಯೋ ತೋರಿಸಿ, ತಾನು ಮೋಸಹೋದದ್ದನ್ನು ಒಪ್ಪಿಕೊಂಡಳು. ಹೋದದ್ದು ಅವಳಿಗೆ ಮರಳಿ ಬರಲಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಕೌದಿ ತರಿಸಿಕೊಂಡು, ಕೈಗೆ ಸಿಕ್ಕ ಮೇಲೆ ಹಣ ಕಳಿಸಿದಳು. ಆ ಹೊತ್ತಿಗೆ ಕಳ್ಳಪುಟ ಹೋಗಿತ್ತು, ಒಂದು ವಾರದಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ಎದ್ದಿತ್ತು, ಮತ್ತೆ ದೂರು ಕೊಟ್ಟೆವು. ಮಾಡಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆ ಮೇಡಂ ಎನ್ನುವ ದನಿ ಮಾತ್ರ ಎಲ್ಲಿ ಕೇಳಿದರೂ ನಾನು ಗುರುತು ಹಿಡಿಯಬಲ್ಲೆ.

ನನ್ನ ಅವಧಿ ಮುಗಿಯಲು ಕೆಲವೇ ವಾರವಿದ್ದಾಗ, ಫೆಬ್ರುವರಿಯ ಒಂದು ಮಧ್ಯಾಹ್ನ, ಅಂಗಳದಲ್ಲಿ ಇಬ್ಬರೂ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದೆವು. ಫೋನು ಬಂತು. ಆಕೆ ಸ್ಪೀಕರಿಗೆ ಹಾಕಿದಳು. ಯಾರೋ ಒಬ್ಬ ಯುವಕ, ದನಿಯಲ್ಲಿ ಸಂಕೋಚ.

"ನಿಮ್ಮ ವಿಡಿಯೋ ನೋಡಿದೆ ಅಮ್ಮ. ನನಗೊಂದು ಫೋಟೋ ಬಂದಿದೆ, ಕಾರ್ಡ್ ಹಿಡಿದಿರೋದು..."

ಬಸಮ್ಮಕ್ಕ ಮೆಣಸಿನಕಾಯಿಯ ಕೈ ಸೆರಗಿಗೆ ಒರೆಸಿಕೊಂಡಳು. "ರೊಕ್ಕ ಹಾಕೀಯೇನಪಾ?"

"ಇನ್ನೂ ಇಲ್ಲ. ಇವತ್ತು ಹಾಕಬೇಕು ಅಂತಿದ್ದೆ."

"ಹಾಕಬ್ಯಾಡ."

"ಹಾಗಾದರೆ ಫೋಟೋದಲ್ಲಿರೋದು ಯಾರು?"

"ನಾನ" ಎಂದಳು. "ಆದ್ರೂ ಹಾಕಬ್ಯಾಡ."

ಫೋನಿಟ್ಟು ನನ್ನ ಕಡೆ ನೋಡಿ, "ಒಬ್ಬ ಉಳದ" ಎಂದಳು. ಐದಾರು ಕಾಯಿಗಳ ತೊಟ್ಟು ಮುರಿದ ಮೇಲೆ ಕೈ ನಿಲ್ಲಿಸಿದಳು. "ಫೋನ್ ಹಚ್ಚಿ ಕೇಳಲಾರದ, ನನ್ನ ಮಾರಿ ನೋಡಿ ಹಾಕೋರು ಎಷ್ಟು ಮಂದಿ ಇರಬೇಕು, ತಂಗಿ?"

ಆಕೆ ಎದ್ದು ಒಳಗೆ ಹೋಗಿ, ಫೋನನ್ನು ಚಾರ್ಜಿಗೆ ಹಾಕಿ, ಅಂಗಳಕ್ಕೆ ಕೇಳುವಂತೆ ಅದರ ರಿಂಗು ಜೋರು ಮಾಡಿ, ಕಿಟಕಿಯಲ್ಲಿಟ್ಟು ಬಂದಳು.